ಪುಸ್ತಕ ನಮ್ಮ ಕೈಯಲ್ಲಿರಲಿ

(ಮಹಿಳಾ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಳೆಗಾಲ ನಮಗೆಲ್ಲ ಗೊತ್ತು. ಗದ್ದೆ ನಾಟಿ ಮುಗಿಯಿತು ಅಂದರೆ ಕೂಲಿ ಕಡಿಮೆ. ಅಡಿಕೆ ಸುಲಿಯುವ ಕೆಲಸ ಸಿಗಲು ಇನ್ನೂ ಎಷ್ಟೋ ತಿಂಗಳು ಇದೆ. ಆಗಲೇ ಮಗುವಿಗೆ ಜ್ವರ ಬರುತ್ತದೆ. ಮಾಡು ಸೋರುತ್ತದೆ. ಕೈಯಲ್ಲಿ ಕಾಸಿಲ್ಲ. ಯಾರ ಮನೆ ಬಾಗಿಲಿಗೆ ಹೋಗಬೇಕು?

ಇಂಥ ಹೊತ್ತಿಗೇ ನಮ್ಮೂರಿಗೆ ಸಂಸ್ಥೆಯವರು ಬರುತ್ತಾರೆ. ಸಂಸ್ಥೆ ಅಂದರೆ ಸರ್ಕಾರಿ ಕಚೇರಿ ಅಲ್ಲ. ಅಂಗಡಿಯೂ ಅಲ್ಲ. ಲಾಭ ನೋಡದೆ ಹಳ್ಳಿಯ ಕೆಲಸ ಮಾಡುವವರ ಕೂಟ. ನಾವು ಅವರನ್ನು ಕೇಳುವ ಮೊದಲ ಪ್ರಶ್ನೆ, "ನಮಗೆ ಏನು ಕೊಡ್ತೀರಿ?" ಒಳ್ಳೆಯ ಸಂಸ್ಥೆ ತಿರುಗಿ ಕೇಳುತ್ತದೆ, "ನಿಮ್ಮ ಹತ್ತಿರ ಏನಿದೆ?"

ನಮ್ಮ ಹತ್ತಿರ ಏನಿದೆ? ಒಂದೊಂದಾಗಿ ನೋಡೋಣ.

ಹನಿಹನಿ ಕೂಡಿದರೆ ಹಳ್ಳ

ಒಬ್ಬಳ ಹತ್ತಿರ ವಾರಕ್ಕೆ 20 ರೂಪಾಯಿ ಉಳಿಯಬಹುದು. ಇದರಿಂದ ಏನಾದೀತು? ಇಪ್ಪತ್ತು ಜನ ಸೇರಿದರೆ ವಾರಕ್ಕೆ 400 ರೂಪಾಯಿ. ವರ್ಷಕ್ಕೆ 52 ವಾರ. ಗುಣಿಸಿ ನೋಡಿ. 20,800 ರೂಪಾಯಿ! ಇದು ಯಾರೂ ಕೊಟ್ಟದ್ದಲ್ಲ. ನಮ್ಮದೇ ಹಣ.

ಈಗ ಒಬ್ಬ ಅಕ್ಕನಿಗೆ 2,000 ರೂಪಾಯಿ ಸಾಲ ಬೇಕು ಅಂತ ಇಟ್ಟುಕೊಳ್ಳೋಣ. ಹೊರಗೆ ಬಡ್ಡಿ ತಿಂಗಳಿಗೆ ನೂರಕ್ಕೆ ಐದು. ಒಂದು ವರ್ಷ ಬಿಟ್ಟು ಅಸಲು ತೀರಿಸಿದರೆ ಬಡ್ಡಿಯೇ 1,200. ಸಂಘದಲ್ಲಿ ನೂರಕ್ಕೆ ಎರಡು ಅಂತ ನಾವೇ ಗೊತ್ತು ಮಾಡಿದರೆ ಬಡ್ಡಿ 480. ಅಕ್ಕನಿಗೆ 720 ರೂಪಾಯಿ ಉಳಿಯಿತು. ಆ 480 ಕೂಡ ಎಲ್ಲಿಗೂ ಹೋಗಲಿಲ್ಲ. ಸಂಘದ ಪೆಟ್ಟಿಗೆಗೇ ಬಂತು. ನಾಳೆ ಇನ್ನೊಬ್ಬ ತಂಗಿಗೆ ಆಗುತ್ತದೆ.

ಈ ದಾರಿ ಹೊರಗಿನಿಂದ ಬಂದದ್ದಲ್ಲ. 1980ರ ದಶಕದಲ್ಲಿ ನಮ್ಮ ಕರ್ನಾಟಕದಲ್ಲೇ ಮೈರಾಡ ಎಂಬ ಸಂಸ್ಥೆ ಇಂಥ ಸಣ್ಣ ಗುಂಪುಗಳನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ ಇವನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರು ಮಾಡಿತು. 2000-01ರಲ್ಲಿ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ಸಂಘಕ್ಕೆ ಐದು ಸೂತ್ರ ಇವೆ. ತಪ್ಪದೆ ಸಭೆ, ತಪ್ಪದೆ ಉಳಿತಾಯ, ಒಳಗೊಳಗೇ ಸಾಲ, ಹೇಳಿದ ದಿನಕ್ಕೆ ಮರುಪಾವತಿ, ಸರಿಯಾದ ಲೆಕ್ಕ. ಇಷ್ಟನ್ನು ಆರು ತಿಂಗಳು ಪಾಲಿಸಿದ ಸಂಘ ಬ್ಯಾಂಕಿನಲ್ಲಿ ಸಾಲ ಕೇಳಬಹುದು.

ಬಾಗಿಲಿಗೆ ಬರುವ ಸಾಲ

ಈಗ ಮನೆ ಬಾಗಿಲಿಗೇ ಬಂದು ಸಾಲ ಕೊಡುವವರೂ ಇದ್ದಾರೆ. ಅವರೂ "ಗುಂಪು ಮಾಡಿ" ಅನ್ನುತ್ತಾರೆ. ಎರಡೂ ಒಂದೇ ಅಂದುಕೊಳ್ಳಬೇಡಿ. ನಮ್ಮ ಸಂಘದಲ್ಲಿ ಮೊದಲು ಉಳಿತಾಯ, ಆಮೇಲೆ ಸಾಲ. ಅಲ್ಲಿ ಮೊದಲೇ ಸಾಲ. ಒಂದು ಕಂತು ಕಟ್ಟಲು ಇನ್ನೊಂದು ಸಾಲ, ಅದರ ಕಂತಿಗೆ ಮತ್ತೊಂದು. ಹೀಗೆ ಎಷ್ಟು ಮನೆ ಹಾಳಾಗಿಲ್ಲ?

ಸಹಿ ಹಾಕುವ ಮುಂಚೆ ಓದಿ. ಬಡ್ಡಿ ಎಷ್ಟು, ಕಂತು ಎಷ್ಟು, ಒಟ್ಟು ಕಟ್ಟುವುದು ಎಷ್ಟು? ಓದಿ ತಿಳಿಯದಿದ್ದರೆ ಸಹಿ ಬೇಡ. ಸಾಲ ವಸೂಲಿಗೆ ಬೆದರಿಸುವುದು, ಮನೆಯವರನ್ನು ಕಾಡುವುದು ಅಪರಾಧ. 2025ರಲ್ಲಿ ಕರ್ನಾಟಕದಲ್ಲಿ ಇದಕ್ಕೆಂದೇ ಕಾನೂನು ಬಂದಿದೆ. ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು.

ಹಿತ್ತಲು, ಬೆಟ್ಟ, ಸೂಜಿ

ಹಣ ಬಿಟ್ಟರೆ ನಮ್ಮ ಹತ್ತಿರ ಇರುವುದು ಕೈಕೆಲಸ, ತಿಳಿವಳಿಕೆ. ಸೌತೆ, ಬಸಳೆ, ಕೆಸು, ಗೆಣಸು. ಯಾವ ಬೀಜವನ್ನು ಯಾವಾಗ ಹಾಕಬೇಕು ಅಂತ ನಮಗೆ ಯಾರೂ ಕಲಿಸಬೇಕಾಗಿಲ್ಲ. ಶಿರಸಿ ಕಡೆ 2001ರಲ್ಲಿ ಶುರುವಾದ 'ವನಸ್ತ್ರೀ' ಹೆಂಗಸರ ಈ ತಿಳಿವಳಿಕೆಯನ್ನೇ ಬಂಡವಾಳ ಮಾಡಿತು. ಹಿತ್ತಲಿನ ಬೀಜ ಉಳಿಸುವುದು, ಒಬ್ಬರಿಗೊಬ್ಬರು ಹಂಚುವುದು, ಮೇಳ ಮಾಡಿ ಮಾರುವುದು.

ಬೆಟ್ಟದ ಉಪ್ಪಾಗೆಯನ್ನೇ ನೋಡಿ. ಹಣ್ಣು ಬರುವುದು ಮಳೆಯಲ್ಲಿ. ಬಿಸಿಲು ಇಲ್ಲ. ಒಲೆಯ ಮೇಲೆ ಒಣಗಿಸಲು ಸೌದೆ ರಾಶಿ ರಾಶಿ ಬೇಕು. ಸೌದೆ ಉಳಿಸುವ ಒಲೆಗಳನ್ನು ಸಂಸ್ಥೆಗಳು ನಮ್ಮ ಜಿಲ್ಲೆಯಲ್ಲಿ ತೋರಿಸಿಕೊಟ್ಟಿವೆ. ಕೊಂಬೆ ಕಡಿಯಬೇಡಿ, ಹಣ್ಣಾದದ್ದನ್ನೇ ಆರಿಸಿ ಅಂತ ಹೇಳಿವೆ. ಮರ ಉಳಿದರೆ ತಾನೆ ಮುಂದಿನ ವರ್ಷದ ದುಡ್ಡು?

ಯಲ್ಲಾಪುರ ಕಡೆಯ ಸಿದ್ದಿ ಅಕ್ಕಂದಿರು ಹಳೆ ಬಟ್ಟೆ ಸೇರಿಸಿ ಹೊಲಿಯುವ ಕೌದಿ ಇದೆಯಲ್ಲ, ಮನೆಯಲ್ಲಿ ಹೊದೆಯುತ್ತಿದ್ದ ಆ ಕೌದಿ ಇವತ್ತು ದೂರದ ಪೇಟೆಗೂ ಹೋಗುತ್ತದೆ. ಸೂಜಿ ಅವರದೇ. ಕೊಳ್ಳುವವರನ್ನು ಹುಡುಕುವಾಗ ಸಂಸ್ಥೆಗಳು ಜೊತೆಯಾದವು.

ನೀರಿನ ಮಾತೂ ಹೀಗೆಯೇ. ಇಷ್ಟು ಮಳೆ ಬೀಳುವ ಊರಲ್ಲೂ ಬೇಸಿಗೆಯಲ್ಲಿ ಬಾವಿ ಬತ್ತುತ್ತದೆ. ಸಿದ್ದಾಪುರ ತಾಲೂಕಿನ ಮನುವಿಕಾಸ ಸಂಸ್ಥೆ ಊರವರ ಜೊತೆ ಸೇರಿ ಕೆರೆಯ ಹೂಳು ತೆಗೆಸುವ, ಕೃಷಿ ಹೊಂಡ ತೋಡಿಸುವ ಕೆಲಸ ಮಾಡಿದೆ.

ಕಾಗದದ ಬಲ

ಬೀಜ ಹಾಕಲು, ಹೊಂಡ ತೋಡಲು ಕಾಲಡಿ ನೆಲ ಬೇಕು. ಹಕ್ಕು ಇದ್ದರೂ ಕಾಗದ ಇಲ್ಲದಿದ್ದರೆ ಕಚೇರಿಯಲ್ಲಿ ನಮ್ಮ ಮಾತು ನಡೆಯುವುದಿಲ್ಲ. ಉತ್ತರ ಕನ್ನಡದ ಸಿದ್ದಿ ಜನ 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಆ ಕಾಯ್ದೆಯಲ್ಲಿ ಒಂದು ಮಾತು ಇದೆ. ಮದುವೆಯಾದವರಿಗೆ ಹಕ್ಕುಪತ್ರ ಕೊಡುವಾಗ ಗಂಡ ಹೆಂಡತಿ ಇಬ್ಬರ ಹೆಸರೂ ಇರಬೇಕು. ಅರಣ್ಯ ಹಕ್ಕು ಸಮಿತಿಯಲ್ಲಿ ಮೂರರಲ್ಲಿ ಒಂದು ಪಾಲಾದರೂ ಹೆಂಗಸರು ಇರಬೇಕು. ನಮ್ಮ ಹೆಸರು ಇದೆಯೋ ಇಲ್ಲವೋ? ಈಗ ನಾವೇ ಓದಿ ನೋಡಬಹುದು. ಅರ್ಜಿ ಬರೆಯಲು, ದಾಖಲೆ ಜೋಡಿಸಲು ಸಂಸ್ಥೆಯವರು ನೆರವಾಗುತ್ತಾರೆ. ಆದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕಾದವರು ನಾವೇ.

ಪುಸ್ತಕ ಯಾರ ಕೈಯಲ್ಲಿ?

ಕೊನೆಯ ಮಾತು. ಸಂಸ್ಥೆಯವರು ಒಂದು ದಿನ ಬೇರೆ ಊರಿಗೆ ಹೋಗುತ್ತಾರೆ. ಹೋಗಲೇಬೇಕು. ಮಗುವಿಗೆ ನಡೆಯಲು ಕಲಿಸಿದವರು ಕೊನೆತನಕ ಕೈ ಹಿಡಿದುಕೊಂಡೇ ಇರುತ್ತಾರೆಯೆ? ಅವರು ಹೋದ ಮೇಲೆ ಎಷ್ಟೋ ಸಂಘಗಳು ನಿಂತುಬಿಡುತ್ತವೆ. ಯಾಕೆ? ಲೆಕ್ಕದ ಪುಸ್ತಕ ಬರೆಯುತ್ತಿದ್ದವರು ಬೇರೆಯವರು. ನಮ್ಮದು ಬರೀ ಹೆಬ್ಬೆಟ್ಟು. ಪೆಟ್ಟಿಗೆಯಲ್ಲಿ ಎಷ್ಟಿದೆ ಅಂತ ನಮಗೇ ಗೊತ್ತಿಲ್ಲ. ಅನುಮಾನ ಹುಟ್ಟಿತು, ಜಗಳ ಬಂತು, ಸಂಘ ಮುರಿಯಿತು.

ಅದಕ್ಕೇ ಈ ಅಕ್ಷರ ಕಲಿತದ್ದು. ಬರೀ ಹೆಸರು ಬರೆಯಲು ಅಲ್ಲ. ಈ ವಾರದಿಂದ ಸರದಿಯ ಮೇಲೆ ಒಬ್ಬೊಬ್ಬರೂ ಲೆಕ್ಕ ಬರೆಯೋಣ. ಅಕ್ಷರ ಸೊಟ್ಟ ಇದ್ದರೂ ಚಿಂತೆಯಿಲ್ಲ, ಲೆಕ್ಕ ನೆಟ್ಟಗಿದ್ದರೆ ಸಾಕು. ಬರೆದದ್ದನ್ನು ಸಭೆಯಲ್ಲಿ ಗಟ್ಟಿಯಾಗಿ ಓದೋಣ. ಸಂಸ್ಥೆ ಪಕ್ಕದಲ್ಲಿ ಇರಲಿ. ಪುಸ್ತಕ ನಮ್ಮ ಕೈಯಲ್ಲಿರಲಿ.

ಕೂಡಿ ಮಾತಾಡಿ

1. ನಿಮ್ಮ ಸಂಘದ ಲೆಕ್ಕ ಯಾರು ಬರೆಯುತ್ತಾರೆ? ಓದಿ ಹೇಳುತ್ತಾರೆಯೆ?
2. 3,000 ರೂಪಾಯಿಗೆ ತಿಂಗಳಿಗೆ ನೂರಕ್ಕೆ ಎರಡರಂತೆ ವರ್ಷದ ಬಡ್ಡಿ ಎಷ್ಟು? ಐದರಂತೆ ಎಷ್ಟು?
3. ನಿಮ್ಮ ಮನೆಯ ಜಾಗದ ಕಾಗದದಲ್ಲಿ ನಿಮ್ಮ ಹೆಸರು ಇದೆಯೆ? ಇಂದೇ ಓದಿ ನೋಡಿ.