ಶೇಕಡಾ ನೂರರ ಲೆಕ್ಕದಲ್ಲಿ ಸಿಗದ ಮಕ್ಕಳು

(ಮಾವಳ್ಳಿಯಲ್ಲಿ ನಡೆದ ಮಾಸಿಕ ಶರಣ ಸಂಗಮದಲ್ಲಿ ಆಡಿದ ಮಾತು)

 

ಕರಾವಳಿಯಲ್ಲಿ ನಮ್ಮ ಮನೆಗಳು ಕಡಿಮೆ. ಇದ್ದಷ್ಟು ಜನ ಸೇರಿ ಕಳೆದ ತಿಂಗಳು ದಾಸೋಹ ನಿಧಿಯಲ್ಲಿ ಉಳಿದ ಹಣದ ಬಗ್ಗೆ ಮಾತಾಡಿದೆವು. ಮಾವಳ್ಳಿ ಹೋಬಳಿಯಲ್ಲಿ ಯಾವ ಪ್ರೌಢಶಾಲೆಯ ಎಸ್ಸೆಸ್ಸೆಲ್ಸಿ ಫಲಿತಾಂಶ ಎಲ್ಲಕ್ಕಿಂತ ಹೆಚ್ಚೋ ಅದಕ್ಕೆ ಪ್ರತಿವರ್ಷ ಒಂದು ಫಲಕ, ಒಂದಿಷ್ಟು ಹಣ ಕೊಡೋಣ ಎಂದು ಹಿರಿಯರೊಬ್ಬರು ಸೂಚಿಸಿದರು. "ಇಂಜಿನಿಯರು ಇದ್ದಾರಲ್ಲ, ಪಟ್ಟಿ ಅವರೇ ಮಾಡಲಿ" ಎಂದು ಆ ಕೆಲಸ ನನ್ನ ಕೊರಳಿಗೆ ಬಿತ್ತು. ಪಟ್ಟಿ ಮಾಡಲು ಕೂತೆ, ಮುಗಿಸಲಾಗಲಿಲ್ಲ. ಯಾಕೆ ಆಗಲಿಲ್ಲ ಎಂದು ತಮ್ಮ ಮುಂದೆ ಹೇಳಿಬಿಡುತ್ತೇನೆ.

ಮೊದಲು ನಮ್ಮ ಜಿಲ್ಲೆಯ ವಿಷಯ. ಕಂದಾಯದ ಲೆಕ್ಕದಲ್ಲಿ ಉತ್ತರ ಕನ್ನಡ ಒಂದೇ ಜಿಲ್ಲೆ, ಶಿಕ್ಷಣ ಇಲಾಖೆಗೆ ಎರಡು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಒಂದು ಕಡೆ. ಘಟ್ಟದ ಮೇಲಿನ ತಾಲ್ಲೂಕುಗಳು ಶಿರಸಿ ಶೈಕ್ಷಣಿಕ ಜಿಲ್ಲೆಗೆ. 2025ರ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ, ಉಡುಪಿ ಬಿಟ್ಟರೆ ಮೂರನೆಯ ಸ್ಥಾನ ನಮ್ಮ ಕರಾವಳಿ ಭಾಗದ್ದು, ಶೇ 83ಕ್ಕೂ ಮೇಲೆ. ರಾಜ್ಯದ ಫಲಿತಾಂಶ ಶೇ 66ರ ಆಸುಪಾಸು. ಕೊನೆಯಲ್ಲಿದ್ದ ಕಲಬುರಗಿಯದು ಶೇ 42. ಹೆಮ್ಮೆಪಡೋಣ. ಆದರೆ ಹಿಂದಿನ ವರ್ಷಗಳ ಜತೆ ಹೋಲಿಸುವಾಗ ಎಚ್ಚರ ಬೇಕು. 2023ರಲ್ಲಿ ಇಡೀ ರಾಜ್ಯದ್ದು ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಮರುವರ್ಷ ಆ ಹೆಚ್ಚುವರಿ ಕೃಪಾಂಕವನ್ನೂ ತೆಗೆದರು. ಮೂರು ವರ್ಷಕ್ಕೆ ಮೂರು ಅಳತೆಗೋಲು.

ಇನ್ನು ಶಾಲೆ ಶಾಲೆಗಳ ಹೋಲಿಕೆ. ಒಂದು ಶಾಲೆಯಲ್ಲಿ 18 ಮಕ್ಕಳು ಪರೀಕ್ಷೆಗೆ ಕೂತು ಇಬ್ಬರು ಫೇಲಾದರು ಅನ್ನಿ; ಫಲಿತಾಂಶ ಶೇ 88.89. ಇನ್ನೊಂದರಲ್ಲಿ 110 ಮಕ್ಕಳು, 11 ಜನ ಫೇಲು, ಶೇ 90. ಫಲಕ ಎರಡನೆಯದಕ್ಕೆ ಹೋಗುತ್ತದೆ. ಸಣ್ಣ ಶಾಲೆಯಲ್ಲಿ ಇನ್ನೊಬ್ಬ ಹುಡುಗ ಪಾಸಾಗಿದ್ದರೆ ಅದು ಶೇ 94ಕ್ಕೆ ಜಿಗಿದು ಮೇಲೆ ಕೂರುತ್ತಿತ್ತು. ಒಬ್ಬ ಹುಡುಗನಿಗೆ ಪರೀಕ್ಷೆಯ ದಿನ ಜ್ವರ ಬಂದರೆ ಶಾಲೆಯ ಮಾನ ಐದೂವರೆ ಅಂಶ ಇಳಿಯುತ್ತದೆ. ಅದಕ್ಕೇ ಯಾವ ತಾಲ್ಲೂಕಿನ ಪಟ್ಟಿ ತೆಗೆದರೂ ತೀರ ಮೇಲೂ ತೀರ ಕೆಳಗೂ ಸಣ್ಣ ಶಾಲೆಗಳೇ ಹೆಚ್ಚಾಗಿ ಕಾಣುತ್ತವೆ.

ಇದನ್ನಾದರೂ ಮೂರು ನಾಲ್ಕು ವರ್ಷದ ಸರಾಸರಿ ತೆಗೆದು ಸರಿಮಾಡಬಹುದು. ನನ್ನನ್ನು ತಡೆದದ್ದು ಬೇರೆ.

ಸೇತುವೆ ಕಟ್ಟುವಾಗ ಕಾಂಕ್ರೀಟಿನ ಘನಗಳನ್ನು ಮಾಡಿ, ನೀರಲ್ಲಿಟ್ಟು, 28ನೇ ದಿನ ಒತ್ತಿ ಪರೀಕ್ಷೆ ಮಾಡುತ್ತೇವೆ. ಗುತ್ತಿಗೆದಾರ ಕಳ್ಳನಾಗಿದ್ದರೆ ಆ ಘನಗಳಿಗೆ ಮಾತ್ರ ಸಿಮೆಂಟು ಹೆಚ್ಚು ಹಾಕಿ, ಚೆನ್ನಾಗಿ ಕುಟ್ಟಿ, ಅವನ್ನೇ ಪ್ರಯೋಗಾಲಯಕ್ಕೆ ಕಳಿಸುತ್ತಾನೆ. ವರದಿ ಬಹಳ ಚಂದ ಬರುತ್ತದೆ. ಸೇತುವೆಯೊಳಗಿನ ಕಾಂಕ್ರೀಟಿನ ಕಥೆ ವರದಿಯಲ್ಲಿ ಇರುವುದಿಲ್ಲ. ಶೇಕಡಾ ನೂರು ಬಂತು ಎಂದು ಶಾಲೆಯೊಂದು ಬ್ಯಾನರ್ ಕಟ್ಟಿದಾಗ ನಾನೀಗ ಕೇಳುವ ಪ್ರಶ್ನೆ ಒಂದೇ: ಎಂಟನೇ ತರಗತಿಗೆ ಎಷ್ಟು ಮಕ್ಕಳು ಸೇರಿದ್ದರು? 40 ಮಕ್ಕಳು ಸೇರಿ, 30 ಮಕ್ಕಳು ಪರೀಕ್ಷೆಗೆ ಕೂತು, 30 ಮಂದಿಯೂ ಪಾಸಾದರೆ ಕಾಗದದ ಮೇಲೆ ನೂರಕ್ಕೆ ನೂರು. ಟಿ.ಸಿ. ತೆಗೆದುಕೊಂಡು ಬೇರೆ ಶಾಲೆಗೆ ಹೋದವರನ್ನು ಬಿಡಿ. ಉಳಿದವರು ಎಲ್ಲಿ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಬಹಳ ವರ್ಷದ ಹಿಂದೆ, ಬೇರೆ ತಾಲ್ಲೂಕಿನಲ್ಲಿ, ಒಂದು ಶಾಲೆಯ ಸಮಿತಿಯಲ್ಲಿ ನಾನಿದ್ದೆ. ನೂರಕ್ಕೆ ನೂರು ಬಂದ ವರ್ಷ ಮುಖ್ಯೋಪಾಧ್ಯಾಯರಿಗೆ ಶಾಲು ಹೊದಿಸಿದವನು ನಾನೇ. ಅದೇ ಮಳೆಗಾಲ ಮುಗಿದ ಮೇಲೆ ನಮ್ಮ ರಸ್ತೆ ಕೆಲಸದಲ್ಲಿ ಜಲ್ಲಿ ಬುಟ್ಟಿ ಹೊರುತ್ತಿದ್ದ ಹುಡುಗನೊಬ್ಬ ನನ್ನನ್ನು ಗುರುತು ಹಿಡಿದು ನಕ್ಕ. "ಪರೀಕ್ಷೆ ಏನಾಯ್ತೋ?" ಎಂದೆ. "ಹಾಜರಿ ಕಮ್ಮಿ ಅಂತ ಹಾಲ್ ಟಿಕೆಟ್ ಕೊಡ್ಲಿಲ್ಲ ಸರ್. ಬರೋ ವರ್ಷ ಹೊರಗಿನಿಂದ ಕಟ್ಟು ಅಂದ್ರು." ಶೇ 75 ಹಾಜರಿ ಬೇಕೆಂಬುದು ನಿಯಮ, ನಿಜ. ಅವನಷ್ಟೇ ಗೈರಾದ, ಓದಿನಲ್ಲಿ ಮುಂದಿದ್ದ ಹುಡುಗನ ಹಾಜರಿ ಮಾತ್ರ ಹೇಗೋ ಭರ್ತಿಯಾಗಿತ್ತು. ಇದು ನನಗೆ ಆಮೇಲೆ ತಿಳಿಯಿತು. ತಿಳಿದ ಮೇಲೂ ಸಮಿತಿಯಲ್ಲಿ ನಾನು ಬಾಯಿ ತೆರೆಯಲಿಲ್ಲ. ವರ್ಗಾವಣೆ ಹತ್ತಿರ ಇತ್ತು, ಸುಮ್ಮನಾದೆ. ಅವನು ಹೊರಗಿನಿಂದ ಪರೀಕ್ಷೆ ಕಟ್ಟಿದನೋ ಇಲ್ಲವೋ ನಾನು ವಿಚಾರಿಸಲೂ ಇಲ್ಲ.

ಇಂಥ ಹುಡುಗರು ಮಾವಳ್ಳಿಯಲ್ಲೂ ಇರುತ್ತಾರೆ. ಜೂನ್, ಜುಲೈ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗಸ್ಟ್‌ನಲ್ಲಿ ಬೋಟು ಇಳಿದರೆ ದುಡ್ಡು ಕಣ್ಣೆದುರು. ಇತ್ತ ಗುಡ್ಡದ ಕಡೆಯ ಮಕ್ಕಳಿಗೆ ಹಳ್ಳ ತುಂಬಿದ ದಿನ ಶಾಲೆಯಿಲ್ಲ. ಮನೆಯಲ್ಲಿ ಕೊಂಕಣಿಯೋ ನವಾಯತಿಯೋ ಆಡುವ ಮಗು 125 ಅಂಕದ ಪ್ರಥಮ ಭಾಷೆಯನ್ನು ಕನ್ನಡದಲ್ಲೋ ಉರ್ದುವಿನಲ್ಲೋ ಬರೆಯಬೇಕು. ಇಂಥ ಮಕ್ಕಳನ್ನು ಸೇರಿಸಿಕೊಂಡು ಶೇ 80 ತರುವ ಶಾಲೆ, ಪ್ರವೇಶ ಪರೀಕ್ಷೆ ಮಾಡಿ ಆರಿಸಿಕೊಂಡು ಶೇ 100 ತರುವ ಶಾಲೆಗಿಂತ ಕೆಳಗೆ ಎಂದು ನನ್ನ ಕೈಯಿಂದ ಬರೆಯುವುದು ಹೇಗೆ?

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ವಾಪಸು ಕಳಿಸಿದರು. ಹೆಚ್ಚು ಬಂತಲ್ಲ ಎಂದು ಹಿಗ್ಗಲಿಲ್ಲ, ಎಲ್ಲಿಂದ ಬಂತು ಎಂದು ಕೇಳಿದರು. ಸಿದ್ಧಗಂಗೆಯಂಥ ಮಠಗಳು ಉಚಿತ ಪ್ರಸಾದ ನಿಲಯ ನಡೆಸಿದಾಗ ಬಾಗಿಲಲ್ಲಿ ನಿಂತು ಯಾರಿಗೂ ಅಂಕಪಟ್ಟಿ ಕೇಳಲಿಲ್ಲ. ಜಾತಿಯನ್ನೂ ಕೇಳಲಿಲ್ಲ. ನಮ್ಮ ಹಣ ಮಾತ್ರ ಗೆದ್ದವರಿಗೇ ಹೋಗಬೇಕೆ?

ಆದ್ದರಿಂದ ಹಿರಿಯರಲ್ಲಿ ನನ್ನ ಅರಿಕೆ: ಫಲಕ ಬೇಡ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದರಲ್ಲಿ ಬಿದ್ದವರು ವರ್ಷ ಕಳೆದುಕೊಳ್ಳದೆ ಮುಂದಿನದನ್ನು ಕಟ್ಟಬಹುದು. ನಡುವೆ ಸಿಗುವುದು ಕೆಲವೇ ವಾರ, ಅದೂ ರಜೆಯ ಕಾಲ. ಆ ವಾರಗಳಲ್ಲಿ ಅವರಿಗೆ ಪಾಠ, ಬಸ್ಸಿನ ಖರ್ಚು, ಪರೀಕ್ಷಾ ಶುಲ್ಕ, ಮಧ್ಯಾಹ್ನದ ಪ್ರಸಾದ. ಹಣ ಇದಕ್ಕೆ ಹೋಗಲಿ. ಜತೆಗೆ ಪ್ರತಿ ಶಾಲೆಗೆ ಹೋಗಿ ಎಂಟನೆಯ ತರಗತಿಯ ದಾಖಲಾತಿ ಪುಸ್ತಕವನ್ನೂ ಹತ್ತನೆಯ ತರಗತಿಯ ಪರೀಕ್ಷಾ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಸ್ಯಾಟ್ಸ್ ಸಂಖ್ಯೆ ಪ್ರತಿ ಮಗುವಿಗೂ ಇದೆ, ಯಾರು ಬಿಟ್ಟುಹೋದರು ಎಂದು ಹುಡುಕುವುದು ಕಷ್ಟವಲ್ಲ. ಮುಖ್ಯೋಪಾಧ್ಯಾಯರು ಬೇಸರ ಮಾಡಿಕೊಳ್ಳಬಹುದು. ತಪ್ಪು ಹಿಡಿಯಲು ಬಂದಿಲ್ಲ, ಆ ಮಗುವಿನ ಮನೆ ಎಲ್ಲಿ ಎಂದು ಕೇಳಲು ಬಂದಿದ್ದೇವೆ ಎಂದು ಹೇಳೋಣ.

ಗಣಿತಕ್ಕೆ ನಾನಿದ್ದೇನೆ. ವಿಜ್ಞಾನಕ್ಕೆ ನಿವೃತ್ತ ಶಿಕ್ಷಕರೊಬ್ಬರು ಒಪ್ಪಿದ್ದಾರೆ. ಇಂಗ್ಲಿಷಿಗೆ ಇನ್ನೂ ಯಾರೂ ಸಿಕ್ಕಿಲ್ಲ. ಪ್ರಸಾದಕ್ಕೆ ಏಳುವ ಮೊದಲು ಯಾರಾದರೊಬ್ಬರು ನನ್ನ ಹತ್ತಿರ ಬಂದು ಹೆಸರು ಬರೆಸಬೇಕು.