ಮೊದಲ ದಿನದ ದಾರಿ
(ಮೂವರು ರಾಯರ ಹಬ್ಬದ ಪ್ರಬೋಧನೆ)



ಇಂದಿನ ಶುಭಸಂದೇಶದ ಜ್ಞಾನಿಗಳು ಜೆರುಸಲೇಮಿಗೆ ಬಂದವರೇ ಮಾಡಿದ ಮೊದಲ ಕೆಲಸ ದಾರಿ ಕೇಳಿದ್ದು. ನಕ್ಷತ್ರವನ್ನು ನೋಡಿಕೊಂಡು ಅಷ್ಟು ದೂರ ಬಂದವರಿಗೂ ಪರವೂರಿನಲ್ಲಿ ಮನುಷ್ಯರನ್ನೇ ಕೇಳಬೇಕಾಯಿತು. ಅವರು ಮೂವರೆಂದಾಗಲಿ, ರಾಯರೆಂದಾಗಲಿ ಮತ್ತಾಯನು ಬರೆದಿಲ್ಲ; ಕಾಣಿಕೆಗಳು ಮೂರು ಇದ್ದುದರಿಂದ ನಾವು ಹಾಗೆ ಎಣಿಸಿಕೊಂಡೆವು. ಅದಿರಲಿ.

2018ರ ನವೆಂಬರಿನಲ್ಲಿ, ಅರೇಬಿಕಾ ಕುಯ್ಲು ಶುರುವಾಗುವ ಹೊತ್ತಿಗೆ, ಮೂಡಿಗೆರೆ ಕಡೆಯ ಕೆಲವು ಕುಟುಂಬಗಳು ಸೇರಿ ನಾವು ಪವಿತ್ರ ನಾಡಿನ ಯಾತ್ರೆಗೆ ಹೋದೆವು. ಟೆಲ್ ಅವೀವ್ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತಲಿಲ್ಲ, ಒಂದು ಪುಟ್ಟ ಚೀಟಿ ಕೊಟ್ಟರು. ಅದು ಕಳೆದರೆ ಗತಿಯೇನೆಂದು ನಮ್ಮ ಹಿರಿಯ ಬಾಯಿಯೊಬ್ಬರು ಅದನ್ನು ಜಪಸರದ ಚೀಲದಲ್ಲಿಟ್ಟು ಗಳಿಗೆಗೊಮ್ಮೆ ಮುಟ್ಟಿ ನೋಡುತ್ತಿದ್ದರು.

ಜೆರುಸಲೇಮಿನಲ್ಲಿ ಇಳಿದದ್ದು ಶುಕ್ರವಾರ ಮಧ್ಯಾಹ್ನ. ನಾಲ್ಕರ ಸುಮಾರಿಗೆ ಊರ ತುಂಬ ಸೈರನ್ ಕೂಗಿತು. ಏನೋ ಅನಾಹುತವಾಯಿತೆಂದು ಎದೆ ಝಲ್ಲೆಂದಿತು. ಯೆಹೂದ್ಯರ ಸಬ್ಬತ್ ಆರಂಭವಾಗುವ ಸೂಚನೆ ಅದೆಂದು ತಿಳಿದದ್ದು ಆಮೇಲೆ. ಬಸ್ಸುಗಳು ನಿಂತವು, ಅವರ ಅಂಗಡಿಗಳು ಮುಚ್ಚಿದವು, ಐದಕ್ಕೇ ಕತ್ತಲು ಕವಿಯಿತು. ಅಷ್ಟರಲ್ಲಿ ಹಳೆಯ ಪಟ್ಟಣದ ಓಣಿಗಳಲ್ಲಿ ನಾವು ನಾಲ್ವರು ಗುಂಪಿನಿಂದ ತಪ್ಪಿಸಿಕೊಂಡಿದ್ದೆವು. ಮೂರನೆಯ ದಿನ ಅದೇ ಓಣಿಗಳಲ್ಲಿ ಜಪಸರಕ್ಕೆ ಚೌಕಾಸಿ ಮಾಡಿದೆವು, ಆ ಮಾತು ಬೇರೆ. ಮೊದಲ ದಿನ ಮಾತ್ರ ಯಾರನ್ನು ಕೇಳುವುದೆಂಬುದೂ ತಿಳಿಯದೆ ನಾಲಿಗೆ ಒಣಗಿತ್ತು.

"ಫಾದರ್, ಏಲಕ್ಕಿ!" ಎಂದರು ಬಾಯಿ ಇದ್ದಕ್ಕಿದ್ದಂತೆ.

ಅರಬ್ಬಿಯೊಬ್ಬರ ಅಂಗಡಿಯಲ್ಲಿ ಕಾಫಿಬೀಜದ ಜೊತೆ ಏಲಕ್ಕಿ ಸೇರಿಸಿ ಪುಡಿ ಮಾಡುತ್ತಿದ್ದರು. ನಮ್ಮ ಬೆಟ್ಟದ ಎರಡು ಬೆಳೆಗಳು ಒಂದೇ ಲೋಟದಲ್ಲಿ! ಬಾಬಾ ಬುಡನ್ ಅವರು ಏಳು ಬೀಜ ತಂದರೆಂದು ನಮ್ಮವರು ಹೇಳುವುದೂ ಅರಬ್ಬರ ನಾಡಾದ ಯೆಮನ್‌ನಿಂದಲೇ ಅಲ್ಲವೇ? ಆ ಅಂಗಡಿಯವರು ನಮಗೆ ಪುಟ್ಟ ಲೋಟಗಳಲ್ಲಿ ಕಾಫಿ ಕೊಟ್ಟರು. "ಯಾಫಾ ಗೇಟ್" ಎಂದೆವು. ಅವರು ಕೈ ಬೀಸಿ ದಿಕ್ಕು ತೋರಿಸಿದರು. ನಮ್ಮ ಮುಖ ನೋಡಿ, ಅಂಗಡಿಯನ್ನು ಮಗನಿಗೆ ಒಪ್ಪಿಸಿ ತಾವೇ ಮುಂದೆ ನಡೆದರು. ಬಾಗಿಲು ಕಾಣುವವರೆಗೂ ಬಂದರು. ದುಡ್ಡು ಮುಟ್ಟಲಿಲ್ಲ.

ಹೆರೋದನ ಆಸ್ಥಾನದಲ್ಲಿ ಮುಖ್ಯಯಾಜಕರೂ ಧರ್ಮಶಾಸ್ತ್ರಿಗಳೂ ಇದ್ದರು. ಪರದೇಶಿಗಳ ಪ್ರಶ್ನೆಗೆ ಅವರ ಉತ್ತರ ಸರಿಯಾಗಿಯೇ ಇತ್ತು: ಬೆತ್ಲೆಹೇಮ್. ಅಲ್ಲಿಂದ ಬರೀ ಹತ್ತು ಕಿಲೋಮೀಟರಿನಷ್ಟು ದೂರ, ನಮ್ಮ ತೋಟದ ಆಳುಗಳು ಸಂತೆಗೆ ನಡೆಯುತ್ತಿದ್ದಷ್ಟು. ಅವರಲ್ಲಿ ಒಬ್ಬರಾದರೂ ಜೊತೆಗೆ ಹೊರಟರೆಂದು ಮತ್ತಾಯನು ಹೇಳುವುದಿಲ್ಲ. ಶಾಸ್ತ್ರ ಓದಿದವರು ಎಂದಾಗ ಗುರುಗಳಾದ ನಮಗೆ ಇಲ್ಲಿ ಸ್ವಲ್ಪ ಚುಚ್ಚುತ್ತದೆ.

ಚುಚ್ಚುವುದಕ್ಕೆ ಕಾರಣವಿದೆ. ಯಾತ್ರೆ ಮುಗಿಸಿ ಮಂಗಳೂರಿನಲ್ಲಿ ಇಳಿದು, ವ್ಯಾನಿನಲ್ಲಿ ಚಾರ್ಮಾಡಿ ಘಾಟಿ ಹತ್ತಿ, ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಂತೆವು. ಮಂಜು ಸುರಿಯುತ್ತಿತ್ತು. ಗಂಡ, ಹೆಂಡತಿ, ಮಗು, ಎರಡು ಗಂಟು, ಅಸ್ಸಾಮಿನವರು. ಕುಯ್ಲಿಗೆ ಬಂದಿದ್ದಾರೆಂದು ಹೋಟೆಲಿನವರು ಹೇಳಿದರು. ಆ ಗಂಡಸು ತೋಟದ ಹೆಸರು ಬರೆದ ಚೀಟಿಯನ್ನು ನಮ್ಮ ಮುಂದೆ ಹಿಡಿದ. ಅದನ್ನೂ ಆತ ಮಡಚಿ ಮಡಚಿ ಜೋಪಾನ ಮಾಡಿದ್ದ. ನಾವು ಕಳಸದ ರಸ್ತೆಯ ಕಡೆ ಬೆರಳು ತೋರಿಸಿ "ಆ ಕಡೆ" ಎಂದು ಕನ್ನಡದಲ್ಲೇ ಹೇಳಿ ವ್ಯಾನು ಹತ್ತಿದೆವು. ವ್ಯಾನಿನಲ್ಲಿ ಜಾಗವಿತ್ತು.

ಮೂಡಿಗೆರೆ ತಲುಪುವಾಗ ಬಾಯಿ ಮೆಲ್ಲಗೆ ಕೇಳಿದರು, "ಫಾದರ್, ಕಳಸಕ್ಕೆ ಈ ಹೊತ್ತಿನಲ್ಲಿ ಬಸ್ಸಿದೆಯಾ?"

ನಮ್ಮ ಹಿರಿಯರೂ ಒಂದು ಕಾಲಕ್ಕೆ ಕೆಳಗಿನಿಂದ ಇದೇ ಘಟ್ಟ ಹತ್ತಿ ಬಂದವರೇ. ಅವರಿಗೂ ಒಂದು ಮೊದಲ ರಾತ್ರಿ ಇತ್ತು, ಯಾರೋ ಕಂಬಳಿ ಕೊಟ್ಟಿದ್ದರು.

ಈಗ ರೋಬಸ್ಟಾ ಕುಯ್ಲಿನ ಹೊತ್ತು. ಈ ವಾರವೂ ಹೊಸಬರು ಇಳಿಯುತ್ತಿದ್ದಾರೆ. ಬಲಿಪೂಜೆ ಮುಗಿದ ಮೇಲೆ ಜೀಪು ಇದ್ದವರು ಬಸ್ ನಿಲ್ದಾಣದ ಮುಂದಿನಿಂದಲೇ ಮನೆಗೆ ಹೋಗಿ. ನಾವೂ ಬರುತ್ತೇವೆ.