ಬುತ್ತಿ ತರ್ತಿದ್ದ ಕೆಂಪು ಬಸ್ಸು

(ಆಡಿಯೊ: ಬಸ್ ಸ್ಟಾರ್ಟ್ ಆಗುವ ಸದ್ದು)

ಈಗ ನಿಮ್ಮ ಕಿವಿಗೆ ಬಿದ್ದಿದ್ದು ಒಂದು ಲೇಲ್ಯಾಂಡ್ ಬಸ್ಸು. ಹಿರೇಕೆರೂರು ಬಸ್ ಸ್ಟ್ಯಾಂಡಿನಲ್ಲಿ 2011ರಲ್ಲಿ ನನ್ನ ಹಳೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದು. ಹಿಂದೆ ಯಾರೋ "ಹಾವೇರಿ, ಹುಬ್ಳಿ, ಹುಬ್ಳೀ..." ಅಂತ ಕೂಗ್ತಿರೋದು ಸಣ್ಣಗೆ ಕೇಳಿಸಿರಬೇಕು. ಬೇಕಾದರೆ ಹಿಂದಕ್ಕೆ ಎಳೆದು ಇನ್ನೊಮ್ಮೆ ಕೇಳ್ರಿ, ನಾ ಕಾಯ್ತೀನಿ.

ಕೆಲವರಿಗೆ ಬೈಕಿನ ಹುಚ್ಚು, ಕೆಲವರಿಗೆ ರೈಲಿನ ಹುಚ್ಚು. ನಂದು ಬಸ್ಸಿನ ಹುಚ್ಚು. ಅದೂ ವೋಲ್ವೊ, ಐರಾವತ ಅಲ್ಲ, ಹಳ್ಳಿಗೆ ಬರೋ ಸಾದಾ ಕೆಂಪು ಬಸ್ಸು. ಬೆಂಗಳೂರಿನ ಗೆಳೆಯರು ಡಬಲ್ ಡೆಕ್ಕರ್ ನೆನಪು ಹೇಳುವಾಗ ನಾನು ಸುಮ್ಮನೆ ನಗ್ತೀನಿ. ನಮ್ಮ ಕಡೆ ಎರಡನೇ ಮಹಡಿ ಅಂದ್ರೆ ಬಸ್ಸಿನ ಟಾಪು. ಹಿಂದಿನ ಏಣಿ ಹತ್ತಿ, ಚೀಲಗಳ ನಡುವೆ ಕೂತ್ರೆ ಆಯ್ತು. ಜಾತ್ರೆ ದಿನ ಕೆಳಗಿಗಿಂತ ಮೇಲೇ ಜಾಸ್ತಿ ಜನ. ಈಗ ಹಂಗೆ ಹತ್ತಬೇಡ್ರಿ ಮತ್ತೆ!

ಹಿರೇಕೆರೂರಿಗೆ ರೈಲಿಲ್ಲ. ಹಾನಗಲ್ಲಿಗಿಲ್ಲ, ಶಿಗ್ಗಾಂವಿ ಪಟ್ಟಣಕ್ಕೂ ಇಲ್ಲ. ಸವಣೂರಿನವರು ರೈಲು ಹತ್ತಬೇಕಂದ್ರೆ ಯಲವಿಗಿಗೆ ಹೋಗಬೇಕು. ಹಂಗಾಗಿ ಮದುವೆ, ಆಸ್ಪತ್ರೆ, ಕಾಲೇಜು, ಸಂತೆ ಎಲ್ಲಾ ಬಸ್ಸಿನ ಮೇಲೆ.

ನಮ್ಮಜ್ಜ ಕೊನೇತನಕ ಬಸ್ಸಿಗೆ "ಎಸ್ಟಿ" ಅಂತಿದ್ದ. ಯಾಕೆ ಅಂತ ದೊಡ್ಡವನಾದ ಮೇಲೆ ತಿಳೀತು. 1956ರ ನವೆಂಬರ್ ತನಕ ನಾವೆಲ್ಲ ಮುಂಬೈ ರಾಜ್ಯದಲ್ಲಿದ್ವಿ. ಅಲ್ಲಿ ಸರ್ಕಾರಿ ಬಸ್ಸಿಗೆ ಸ್ಟೇಟ್ ಟ್ರಾನ್ಸ್‌ಪೋರ್ಟ್, ಅಂದ್ರೆ ಎಸ್.ಟಿ. ರಾಜ್ಯ ಬದಲಾದ್ರೂ ಅಜ್ಜನ ನಾಲಿಗೆ ಬದಲಾಗಲಿಲ್ಲ. 1961ರಲ್ಲಿ ಮೈಸೂರು ರಾಜ್ಯದ ಸಾರಿಗೆ ನಿಗಮ ಆಯ್ತು. ಆಮೇಲೆ 1997. ನಾನಾಗ ಆರನೇತ್ತ. ಆಗಸ್ಟ್‌ನಲ್ಲಿ ಹಾವೇರಿ ಜಿಲ್ಲೆ ಹುಟ್ಟಿತು, ನವೆಂಬರ್ 1ಕ್ಕೆ ಹುಬ್ಬಳ್ಳಿಯಲ್ಲಿ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ. ಜಿಲ್ಲೆ ಬದಲು, ಬಸ್ಸಿನ ಮೇಲಿನ ಹೆಸರೂ ಬದಲು. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ವಾ.ಕ.ರ.ಸಾ.ಸಂ. ಅಂತ ಬರೆದು ಬರೆದು ಮಾಸ್ತರ ಕಡೆ ಬೈಸಿಕೊಂಡಿದ್ದೀನಿ.

ಆದರೆ ಹುಚ್ಚು ಪೂರ್ತಿ ತಲೆಗೇರಿದ್ದು 2002ರಲ್ಲಿ, ಪಿಯುಸಿಗೆ ಹುಬ್ಬಳ್ಳಿಗೆ ಬಂದಾಗ. ಕಾರಣ ಬುತ್ತಿ.

ನಮ್ಮೂರು ಹಿರೇಕೆರೂರು ತಾಲೂಕಿನ ಸಣ್ಣ ಹಳ್ಳಿ. ಊರಿಗೊಂದು ವಸ್ತಿ ಬಸ್ ಇತ್ತು. ಸಿಟಿಯವರಿಗೆ ಗೊತ್ತಿರಲಿಕ್ಕಿಲ್ಲ: ರಾತ್ರಿ ಕೊನೇ ಟ್ರಿಪ್ಪಿಗೆ ಬಂದು, ಊರಲ್ಲೇ ಮಲಗಿ, ನಸುಕಿನಲ್ಲಿ ಮೊದಲ ಟ್ರಿಪ್ ಹೊರಡೋ ಬಸ್ಸು. ಡ್ರೈವರು, ಕಂಡಕ್ಟರು ಅಲ್ಲೇ ಸೀಟಿನ ಮೇಲೋ, ಗುಡಿ ಕಟ್ಟೆ ಮೇಲೋ ಮಲಗೋರು. ಅವ್ವ ನಾಲ್ಕಕ್ಕೆ ಎದ್ದು ರೊಟ್ಟಿ ಬಡೀತಿದ್ಲು. ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಮೇಲೊಂದು ಬಿಳಿ ಅರಿವೆ ಗಂಟು. ಅಪ್ಪ ಅದನ್ನ ವಸ್ತಿ ಬಸ್ಸಿಗೆ ಕೊಡ್ತಿದ್ದ. ಹಿರೇಕೆರೂರಿನಲ್ಲಿ ಆ ಕಂಡಕ್ಟರು ಹುಬ್ಬಳ್ಳಿ ಬಸ್ಸಿನ ಕಂಡಕ್ಟರಿಗೆ ದಾಟಿಸೋರು. ಹಾವೇರಿ, ಬಂಕಾಪುರ ಕ್ರಾಸ್, ಶಿಗ್ಗಾಂವಿ ದಾಟಿ ಹತ್ತೂವರೆ ಹೊತ್ತಿಗೆ ನನ್ನ ಕೈಗೆ. ರಸೀದಿ ಇಲ್ಲ, ರೊಕ್ಕ ಇಲ್ಲ. ಅವ್ವನ ಷರತ್ತು ಒಂದೇ: "ಯಣ್ಣಾ, ಇಂಜಿನ್ ಬಾಜೂಕ ಇಡಬ್ಯಾಡ್ರಿ, ಹಳಸ್ತೈತಿ."

ಅವಳ ಮಾತಿಗೆ ಅರ್ಥ ಇತ್ತು. ಆ ಗಾಡಿಗಳಲ್ಲಿ ಇಂಜಿನ್ ಮುಂದೆ, ಡ್ರೈವರ್ ಮಗ್ಗುಲಲ್ಲೇ. ಬಾನೆಟ್ ಮೇಲೆ ಕೂತು ಬಂದವರಿಗೆ ಕೇಳಿ ನೋಡ್ರಿ, ಬೇಸಿಗೆಯಲ್ಲಿ ಅದು ಕಾದ ಹಂಚು.

ಈಗ ಸಮಸ್ಯೆ ಏನಂದ್ರೆ, ಸ್ಟ್ಯಾಂಡಿಗೆ ನಿಮಿಷಕ್ಕೊಂದು ಕೆಂಪು ಬಸ್. ನನ್ನ ಬುತ್ತಿ ಯಾವುದರಲ್ಲಿ? ಮೊದಲು ನಂಬರ್ ಕಲಿತೆ. ಕೆಎ 27 ಹಾವೇರಿ, 25 ಧಾರವಾಡ, 31 ಶಿರಸಿ. ನಡುವೆ 'ಎಫ್' ಇದ್ರೆ ಸಾರಿಗೆ ಸಂಸ್ಥೆ ಗಾಡಿ. ನನ್ನ ಬುತ್ತಿ ಬಸ್ಸಿನ ಪೂರ್ತಿ ನಂಬರ್ ಮಾತ್ರ ಹೇಳೋದಿಲ್ಲ, ಅದೀಗ ನನ್ನ ಫೋನಿನ ಪಾಸ್‌ವರ್ಡು. ಆಮೇಲೆ ಸದ್ದು ಕಲಿತೆ. ನಮ್ಮ ಕಡೆ ಬಸ್ಸಿಗೆ ಎರಡೇ ಮನೆತನ, ಟಾಟಾ ಮತ್ತು ಲೇಲ್ಯಾಂಡ್. ಟಾಟಾ 1510 ಗರಗರ ಅಂತ ಒರಟಾಗಿ ಬರ್ತಿತ್ತು. ಮೊದಲ ಎರಡಂಕಿ ಸುಮಾರು ಎಷ್ಟು ಟನ್ ಅಂತ, ಕೊನೆ ಎರಡಂಕಿ ಎಂಜಿನ್ನಿನ ತಾಕತ್ತಿನ ಲೆಕ್ಕ. ಲೇಲ್ಯಾಂಡ್ ವೈಕಿಂಗ್‌ದು ಬೇರೆ ರಾಗ: ಗೇರ್ ಏರಿದಂಗೆ ಗುಂಯ್ ಅಂತ ಎಳೆಯೋದು, ನಿಂತಾಗ ಬ್ರೇಕಿನ ಗಾಳಿ ಪುಸ್ ಅಂತ ಬಿಡೋದು. ಕಣ್ಣು ಮುಚ್ಚಿ ಹೇಳೋಷ್ಟಾದೆ.

ಅದೇ ಜಂಬದಿಂದ ಒಂದು ಸಲ ಕೆಟ್ಟೆ. ಪರೀಕ್ಷೆ ದಿನ, ಬಂದಿದ್ದು ಟಾಟಾ ಸದ್ದು, ನಮ್ಮ ಗಾಡಿ ಅಲ್ಲ ಅಂತ ತಲೆ ಎತ್ತದೆ ಓದ್ತಾ ಕೂತೆ. ಅವತ್ತು ಗಾಡಿ ಬದಲಾಗಿತ್ತು, ಅಷ್ಟೇ. ಬುತ್ತಿ ವಾಪಸ್ ಹೊರಟುಹೋಯ್ತು. ಸಂಜೆ ಅದೇ ಕಂಡಕ್ಟರು ಇನ್ನೊಂದು ಬಸ್ಸಿನವರ ಕೈಯಲ್ಲಿ ಹಾವೇರಿಯಿಂದ ಮತ್ತೆ ಕಳಿಸಿದ್ರು. ಜೊತೆಗೊಂದು ಸಂದೇಶ: "ತಮ್ಮಾ, ಕಿವಿ ಅಷ್ಟ ಅಲ್ಲ, ಕಣ್ಣೂ ತಗದಿರು." ರೊಟ್ಟಿ ಕಟಕ್ ಆಗಿತ್ತು. ಒಂದೂ ಬಿಡದೆ ತಿಂದೆ.

ರವಿವಾರ ಬಂತಂದ್ರೆ ಸುಮ್ಮನೆ ಬಸ್ ಹತ್ತೋದು. ಸವಣೂರಿನಲ್ಲಿ ಅತ್ತಿ ಮನೆ ನೆಪ, ಹಾನಗಲ್ಲಿಗೆ ತಾರಕೇಶ್ವರನ ನೆಪ. ಆ ಬಸ್ಸುಗಳನ್ನ ವಾಸನೆಯಿಂದಲೂ ಹೇಳಬಹುದಿತ್ತು. ಸವಣೂರು ಕಡೆಯದ್ದಾದರೆ ವೀಳ್ಯದೆಲೆ ಬುಟ್ಟಿ, ಮೇ ತಿಂಗಳಲ್ಲಿ ಹಾನಗಲ್ಲಿನದ್ದಾದರೆ ಮಾವು, ಬ್ಯಾಡಗಿ ದಾಟಿ ಬಂದದ್ದಾದರೆ ಕಂಡಕ್ಟರನೇ ಸೀನ್ತಿರ್ತಿದ್ದ. ಸೀಟು ಹಿಡಿಯೋದು ಕಿಡಕಿಯಿಂದ ಟವೆಲ್ ಒಗೆದು. "ಹೋಲ್ಡಾನ್" ಅಂದ್ರೆ ನಿಲ್ಲೋದು, "ರೈಟ್" ಅಂದ್ರೆ ಹೊರಡೋದು. ಬಾಡಿ ಹುಬ್ಬಳ್ಳಿಯ ವರ್ಕ್‌ಶಾಪಿನಲ್ಲಿ ಕಟ್ಟಿದ್ದೋ ಹೊರಗೆ ಕಟ್ಟಿಸಿದ್ದೋ ಅಂತ ಕಿಡಕಿ ಸರಳು ನೋಡಿ ವಾದ ಮಾಡೋ ಗೆಳೆಯನೊಬ್ಬ ಸಿಕ್ಕಿದ್ದ. ಇಬ್ಬರೂ ಎಷ್ಟೋ ಸಲ ತಪ್ಪು ಹೇಳಿರ್ತೀವಿ.

ನಗೋ ವಿಷಯ ಅಷ್ಟೇ ಅಲ್ಲ ಇದು. ನಮ್ಮಕ್ಕ ದಿನಾ ಹಿರೇಕೆರೂರಿಗೆ ಹೋಗಿ ಪಿಯುಸಿ ಮುಗಿಸಿದ್ದು ಆ ವಸ್ತಿ ಬಸ್ಸಿನಿಂದ. ಅವಳ ಗೆಳತಿ ಪಕ್ಕದೂರಿನವಳು, ನಮ್ಮಕ್ಕನಿಗಿಂತ ಶಾಣ್ಯಾ. ಅವರೂರ ಹಳ್ಳಕ್ಕೆ ಸೇತುವೆ ಇರಲಿಲ್ಲ, ದೊಡ್ಡ ಗಾಡಿ ದಾಟೋ ಹಂಗಿರಲಿಲ್ಲ. ಹತ್ತನೇತ್ತಕ್ಕೆ ಅವಳ ಓದು ನಿಂತಿತು. ನಡುವೆ ಇದ್ದದ್ದು ಎರಡೋ ಮೂರೋ ಕಿಲೋಮೀಟರ್. ಈಗಲೂ ಅಕ್ಕ ಆಕೆ ಸುದ್ದಿ ತೆಗೆದಾಗ ಮಾತು ಅರ್ಧಕ್ಕೆ ಬಿಡ್ತಾಳೆ.

ಆ ಗಾಡಿಗಳು ಈಗಿಲ್ಲ. 2023ರ ಏಪ್ರಿಲ್ 1ರಿಂದ ಸರ್ಕಾರದ, ಸಾರಿಗೆ ಸಂಸ್ಥೆಗಳ 15 ವರ್ಷ ದಾಟಿದ ವಾಹನಕ್ಕೆ ನೋಂದಣಿ ಮುಂದುವರಿಯೋದಿಲ್ಲ, ಸೀದಾ ಗುಜರಿಗೆ. ನನ್ನ ಬುತ್ತಿ ಬಸ್ಸು ಅದಕ್ಕೂ ಮೊದಲೇ ಹೋಗಿತ್ತು. ಹೊಗೆ ಉಗುಳೋ ಎಂಜಿನ್ ಹೋಗಿದ್ದು ಒಳ್ಳೇದೇ, ಅದಕ್ಕೆ ನಾನು ಅಳೋದಿಲ್ಲ. ಫೋಟೊನಾದರೂ ತೆಗೆದಿಟ್ಟಿದ್ರೆ ಅನ್ನಿಸ್ತದೆ. ಆಗ ಕ್ಯಾಮೆರಾ ಎಲ್ಲಿತ್ತು? ನನ್ನತ್ರ ಇರೋದು ನಿಮಗೆ ಕೇಳಿಸಿದ ಆ ಸದ್ದು. ಅದೂ ಆಮೇಲೆ ಬಂದ ಬೇರೆ ಗಾಡಿದು.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯ್ತಲ್ಲ, ಅವಾಗಿಂದ ಬುತ್ತಿಯನ್ನ ಅವ್ವ ತಾನೇ ತರ್ತಾಳೆ. ಆಧಾರ್ ಕಾರ್ಡ್ ತೋರಿಸಿ ಶೂನ್ಯ ಟಿಕೆಟ್ ಇಸ್ಕೊಂಡು, ಬುತ್ತಿ ತೊಡೆ ಮೇಲಿಟ್ಕೊಂಡು. "ಮೊದ್ಲ ರೊಟ್ಟಿ ಅಷ್ಟ ಟಿಕೀಟಿಲ್ದ ಬರ್ತಿದ್ವು, ಈಗ ನಾನೂ ಬರ್ತೀನಿ" ಅಂತಾಳೆ.

ಹೋದ ತಿಂಗಳು ಅವಳನ್ನ ಊರಿಗೆ ಬಿಡಲಿಕ್ಕೆ ಹೋಗಿದ್ದೆ. ಹಿರೇಕೆರೂರು ಸ್ಟ್ಯಾಂಡಿನಲ್ಲಿ ಹೊಸ ಬಿಎಸ್-6 ಗಾಡಿ ನಿಂತಿತ್ತು. ಇಂಜಿನ್ ಬಳಿ ಫೋನ್ ಹಿಡಿದೆ. ಡ್ರೈವರು ನಕ್ಕರು: "ಇದರಾಗ ಏನೈತ್ರೀ ಸಪ್ಪಳ?" ಅಷ್ಟರಲ್ಲಿ ಒಳಗಿಂದ ಅವ್ವ ಕೂಗಿದ್ಲು. ರೆಕಾರ್ಡಿಂಗಿನಲ್ಲಿ ಇಂಜಿನ್ನಿಗಿಂತ ಅವಳ ದನಿನೇ ಜೋರು. ಕೇಳ್ರಿ.

(ಆಡಿಯೊ: "ಏ, ಲಗೂ ಹತ್ತೋ, ಸೀಟ್ ಹಿಡದೀನಿ!")